ಕುಂಕುಮವಿಟ್ಟ ಹತ್ತರಿ

ಕೆಲವರಿಗೆ ಇಸ್ಪೀಟಿನ ಚಟ, ಕೆಲವರಿಗೆ ನಶ್ಯದ್ದು. ನನಗೆ ಸಂತೆಯ ಮೂಲೆಯಲ್ಲಿ ಗೋಣಿತಾಟು ಹಾಸಿ ಕೂರುವ ಹಳೇ ಕಬ್ಬಿಣದವನನ್ನು ಕಂಡರೆ ಕಾಲು ಮುಂದಕ್ಕೆ ಹೋಗುವುದಿಲ್ಲ. ಆಡಿಕೊಳ್ಳುವವರು ಆಡಿಕೊಳ್ಳಲಿ, ನಾನು ಬಿಡುವವನಲ್ಲ. ಹೊಳೆನರಸೀಪುರದ ಕಚೇರಿಯಲ್ಲಿ ದಿನವಿಡೀ ಲೇಖನಿ ಹಿಡಿಯುವ ಗುಮಾಸ್ತ ರಜೆಯ ದಿನ ಉಳಿ ಹಿಡಿಯಬಾರದೆಂದು ಯಾವ ಶಾಸ್ತ್ರದಲ್ಲಿದೆ? ಅರಕಲಗೂಡಿನ ಸಂತೆಯಲ್ಲಿ ಎರಡು ಉಳಿ, ಹಾಸನದಲ್ಲಿ ಹಲ್ಲುದುರಿದ ಗರಗಸ, ಚನ್ನರಾಯಪಟ್ಟಣದಲ್ಲಿ ಮರ ಉಜ್ಜಿ ನಯಮಾಡುವ ಹತ್ತರಿ. ಈ ಹತ್ತರಿಗಾಗಿ, ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸನ್ನು ಎರಡು ಕಡೆ ಇಳಿದು ತಳ್ಳಿದ್ದೇನೆ. “ಯಾವ ಕಾಲದ್ದಪ್ಪ?” ಎಂದು ಕೇಳಿದೆ. “ನಮ್ಮಪ್ಪ ಉಟ್ಟೋಕೆ ಮುಂಚಿಂದು ಸಾಮಿ. ಇಡಿ ನೋಡಿ, ಎಂಗೆ ಸವದೈತೆ! ಈ ಯುದ್ದದ ಕಾಲ್ದಲ್ಲಿ ಇಂಥ ಉಕ್ಕು ಎಲ್ ಸಿಕ್ಕಾತು?” ಎಂದ ಮಾರುತ್ತಿದ್ದ ಮುದುಕ. ಯಾರೋ ಜೀವಮಾನವೆಲ್ಲ ಸವೆಸಿದ ಆ ಹಿಡಿಯಲ್ಲಿ ನನ್ನ ಹೆಬ್ಬೆರಳು ಹೋಗಿ ಸರಿಯಾಗಿ ಕೂತಿತು. ಆಮೇಲೆ ಬಿಟ್ಟು ಬರುವುದು ಹೇಗೆ?

ಇದು ನನ್ನ ಹೆಂಡತಿ ಗೌರಮ್ಮನಿಗೆ ಅರ್ಥವಾಗುವುದಿಲ್ಲ. ನಮ್ಮ ಬಚ್ಚಲಿನ ಬಾಗಿಲು ಮಳೆಗೆ ಊದಿಕೊಂಡು ಮುಚ್ಚದಂತಾಗಿತ್ತು. ಒಳಗಿದ್ದವರು ಬಿಡದೆ ಹಾಡುತ್ತಿರಬೇಕು, ಇಲ್ಲದಿದ್ದರೆ ಯಾರಾದರೂ ನುಗ್ಗುವ ಭಯ. “ಮನೆ ತುಂಬ ಬಡಗಿ ಸಾಮಾನು, ಬಾಗಿಲಿಗೆ ಗತಿ ಇಲ್ಲ. ಆಯುಧಪೂಜೆ ದಿನ ಮುಗಿಯೋದ್ರೊಳಗೆ ನೀವೇ ಸರಿಮಾಡಿ. ಇಲ್ಲಾಂದ್ರೆ ಅಷ್ಟನ್ನೂ ಆಚಾರಿಗೆ ಕೊಟ್ಬುಡ್ತೀನಿ ಕಣ್ರೀ” ಎಂದಳು. “ಕೊಡು ನೋಡೋಣ!” ಎಂದೆ. ನಿಜ ಹೇಳುತ್ತೇನೆ: ಹತ್ತರಿಗೆ ಎಣ್ಣೆ ಸವರಿ ಒರೆಸುವುದು ನನಗೆ ಬರುತ್ತದೆ. ಅದರಲ್ಲಿ ಮರ ಉಜ್ಜುವುದು ಬರುವುದಿಲ್ಲ.

ಆಯುಧಪೂಜೆಯ ಬೆಳಿಗ್ಗೆ ನನಗೊಂದು ಉಪಾಯ ಹೊಳೆಯಿತು. ಅಷ್ಟನ್ನೂ ಮಣೆಯ ಮೇಲೆ ಜೋಡಿಸಿ, ಕುಂಕುಮವಿಟ್ಟು, ಹೂ ಮುಡಿಸಿ, ಗಟ್ಟಿಯಾಗಿ ಸಾರಿದೆ: “ಪೂಜೆಯಾದ ಆಯುಧ ನಾಳೆಯವರೆಗೆ ಮುಟ್ಟಬಾರದು. ಕೊಡುವುದೂ ಇಲ್ಲ, ಉಜ್ಜುವುದೂ ಇಲ್ಲ.” ಗೌರಮ್ಮ ಒಳಗೆ ಹೋಗಿ ಒಲೆ, ಒನಕೆ, ಒರಳು, ಈಳಿಗೆಮಣೆ, ಸೌಟು ಎಲ್ಲಕ್ಕೂ ಕುಂಕುಮವಿಟ್ಟು ಮಂಗಳಾರತಿ ಎತ್ತಿ, ಜಗಲಿಗೆ ಬಂದು ಕಾಲು ನೀಡಿ ಕುಳಿತಳು. “ನಂದೂ ಆಯುಧಾನೇ. ನಾಳೆವರೆಗೂ ಮುಟ್ಟಂಗಿಲ್ಲ.”

ನಾನು ಬಗ್ಗಲಿಲ್ಲ. ನೈವೇದ್ಯದ ಬಾಳೆಹಣ್ಣು ಎರಡು ತಿಂದು ಪೇಪರು ಓದಿದೆ. ಮಧ್ಯಾಹ್ನ ಪಕ್ಕದ ಮನೆಯಿಂದ ಒಬ್ಬಟ್ಟಿನ ವಾಸನೆ ಬಂತು. ಆಗಲೂ ಬಗ್ಗಲಿಲ್ಲ. ಮೂರು ಗಂಟೆಗೆ ಹತ್ತರಿಯ ಕುಂಕುಮ ಒರೆಸಿ, ದೇವರಲ್ಲಿ ತಪ್ಪೊಪ್ಪಿಕೊಂಡು, ಬಾಗಿಲು ಉಜ್ಜತೊಡಗಿದೆ. ಇದು ಸೋಲಲ್ಲ, ಹಸಿವು. ಬಾಗಿಲು ಮುಚ್ಚಿಕೊಂಡಿತು, ಜೊತೆಗೆ ಬೆಕ್ಕು ನುಸುಳುವಷ್ಟು ಸಂದಿಯೂ ಆಯಿತು. ಗೌರಮ್ಮ ಬಗ್ಗಿ ನೋಡಿ, ನಕ್ಕು, ಒಲೆ ಹಚ್ಚಿದಳು. ನನ್ನ ಸಾಮಾನು ಮನೆಯಲ್ಲೇ ಉಳಿಯಿತು.

ಆದರೂ ಮುಂದಿನ ವರ್ಷ ಇವಳ ಆಟ ನಡೆಯಬಾರದಲ್ಲ? ಮರುವಾರವೇ ಚನ್ನರಾಯಪಟ್ಟಣದ ಸಂತೆಗೆ ಹೋಗಿ, ಅದೇ ಮುದುಕನ ಹತ್ತಿರ ಒಂದು ಹಳೇ ಈಳಿಗೆಮಣೆ ಆರಿಸಿ ತಂದು, “ಇದು ನಂದು, ಇದಕ್ಕೆ ಪೂಜೆ ಇಲ್ಲ” ಎಂದು ಅವಳ ಮುಂದೆ ಇಟ್ಟೆ. ಗೌರಮ್ಮ ಅದರ ಅಲಗನ್ನು ಬೆರಳಲ್ಲಿ ಸವರಿ ನೋಡಿ, “ಒಳ್ಳೆ ಸಾಮಾನು ಕಣ್ರೀ” ಎಂದು ಮೆಚ್ಚಿ, ಒಂದು ಕುಂಬಳಕಾಯಿ ತಂದು ನನ್ನ ಮುಂದಿಟ್ಟಳು. ಅಂದಿನಿಂದ ನಮ್ಮ ಮನೆಯಲ್ಲಿ ತರಕಾರಿ ಹೆಚ್ಚುವವನು ನಾನು.