ಹೆಂಗಸನ್ನು ಬಿಟ್ಟು ಹೋದ ಮನೆ

"ಈ ಸಲ ಈದ್ ರಜಾದಾಗ ನೀ ಒಂದು ಚಮಚಾನೂ ಎತ್ತಿ ಇಡೂ ಹಂಗಿಲ್ಲ!" ಎಂದು ಗಂಡ ಮಡಿವಾಳಪ್ಪ ಘೋಷಿಸಿದಾಗ ಕಲ್ಲವ್ವ ಅವನು ತಿಂದಿಟ್ಟ ತಟ್ಟೆಯನ್ನೇ ಎತ್ತುತ್ತಿದ್ದಳು.

ಘೋಷಣೆಯ ಹಿಂದೆ ಮಹಾ ಯೋಜನೆಯೊಂದಿತ್ತು. ಮಡಿವಾಳಪ್ಪ ಅಬುಧಾಬಿಯ ಕಟ್ಟಡ ಕಂಪನಿಯೊಂದರಲ್ಲಿ ಎಂಜಿನಿಯರ್. ಗದಗಿನವನಾದ್ದರಿಂದ ಸಂಗೀತದ ಹುಚ್ಚು ಹುಟ್ಟಿನಿಂದ ಬಂದಿತ್ತು. ಹಾಡಲು ಬಾರದಿದ್ದದ್ದು ಮಾತ್ರ ಸ್ವಂತ ಸಂಪಾದನೆ. ಊರ ಕಡೆಯ ದೊಡ್ಡ ಗಾಯಕರು ಎಮಿರೇಟ್ಸಿಗೆ ಬಂದು ಎಲ್ಲೆಲ್ಲಿ ಹಾಡಿದ್ದರೋ ಆ ಜಾಗಗಳಿಗೆಲ್ಲ ಅವನು ನಕ್ಷೆಯಲ್ಲಿ ಕೆಂಪು ಗುರುತು ಹಾಕಿದ್ದ. ಮಂದಿ ಕಾಶಿಗೆ ಹೋಗುತ್ತಾರೆ, ನಾವು ಸಂಗೀತದ ಕಾಶಿಗಳಿಗೆ ಹೋಗೋಣ ಎಂದ. ವಾಹನವೂ ಸಿದ್ಧವಿತ್ತು. ಲಂಡನ್ನಿಗೆ ರಜೆಗೆ ಹೋದ ಕಂಪನಿಯ ಇಂಗ್ಲಿಷ್ ಸಾಹೇಬ ತನ್ನ ಮೋಟಾರ್ ಹೋಮಿನ ಕೀಲಿ ಕೊಟ್ಟುಹೋಗಿದ್ದ. ಚಕ್ರದ ಮೇಲೊಂದು ಮನೆ! ಮುಂದೆ ಡ್ರೈವರನ ಸೀಟು, ನಡುವೆ ಗೋಡೆ, ಗೋಡೆಯಲ್ಲಿ ಲೋಟ ಹಿಡಿಸುವಷ್ಟು ಕಿಂಡಿ, ಹಿಂದೆ ಮಂಚ, ಒಲೆ, ಸಿಂಕು.

ಒಲೆಯನ್ನು ಕಂಡ ಕೂಡಲೇ ಕಲ್ಲವ್ವನಿಗೆ ಯಾತ್ರೆಯ ಸ್ವರೂಪ ತಿಳಿಯಿತು. ಕೆಲಸವಿಲ್ಲದ ಮನೆಯನ್ನು ಅವಳು ಪಾಯದ ಮೇಲೇ ಕಂಡಿರಲಿಲ್ಲ. ಚಕ್ರದ ಮೇಲೆ ಎಲ್ಲಿಂದ ಬರಬೇಕು?

ಆದರೂ ಒಪ್ಪಿದಳು. ಕಾರಣ, ನಕ್ಷೆಯ ಕೊನೆಯ ಗುರುತು: ದುಬೈನ ಶಾಲೆಯೊಂದರ ಸಭಾಂಗಣ. ಅವರು ಈ ದೇಶಕ್ಕೆ ಬಂದ ಹೊಸದರಲ್ಲಿ ಅಲ್ಲೊಬ್ಬ ಹಿರಿಯ ಗಾಯಕರ ಗಾಯನವಾಗಿತ್ತು. ತಂಬೂರಿಗೆ ಜನ ಸಿಗದೆ ಕನ್ನಡ ಸಂಘದವರು ಪರದಾಡುವಾಗ, ಮದುವೆಯ ತನಕ ಸಂಗೀತ ಕಲಿತಿದ್ದ ಕಲ್ಲವ್ವ ಗಾಯಕರ ಹಿಂದೆ ಕೂತು ತಂಬೂರಿ ಮೀಟಿದ್ದಳು. ಮಡಿವಾಳಪ್ಪ ಮೊದಲ ಸಾಲಿನಲ್ಲಿ ಕೂತು ರೆಕಾರ್ಡ್ ಮಾಡಿಕೊಂಡಿದ್ದ. ಅಬುಧಾಬಿಯ ಖಾಲಿದಿಯಾ ಬಡಾವಣೆಯ ಅವರ ಫ್ಲಾಟಿಗೆ ಬಂದವರಿಗೆಲ್ಲ ಆ ಕ್ಯಾಸೆಟ್ಟಿನ ಸೇವೆ ಆಗಲೇಬೇಕು. ತಬಲಾದವರು ಶಾರ್ಜಾದಿಂದ ಬಂದದ್ದು, ಹಾರ್ಮೋನಿಯಂ ಪೇಟಿಯವರಿಗೆ ಜ್ವರವಿದ್ದದ್ದು, ಮೈಕು ನಡುವೆ ಕೈಕೊಟ್ಟದ್ದು, ಎಲ್ಲವನ್ನೂ ಅವನು ಬಣ್ಣಿಸುತ್ತಿದ್ದ. ಮೈಕಿಗೂ ಕಥೆಯಲ್ಲಿ ಪಾತ್ರವಿತ್ತು. ತಂಬೂರಿಗೆ ಇರಲಿಲ್ಲ. ಅವನಿಗೆ ಮರೆತೇ ಹೋಗಿತ್ತು. ಆ ವೇದಿಕೆಯ ಮೇಲೆ ನಿಂತಾಗಲಾದರೂ ನೆನಪಾದೀತೇ? ಕಲ್ಲವ್ವನ ಕಾಶಿ ಅದೊಂದೇ. ಬಾಯಿಬಿಟ್ಟು ನೆನಪಿಸಕೂಡದು ಎಂದು ಅವಳೂ ಶಪಥ ಮಾಡಿಕೊಂಡಳು.

ಹೊರಡುವ ಮುಂಚೆ ಎಂಜಿನಿಯರು ತನ್ನ ವಿದ್ಯೆ ಮೆರೆದ. ಮುಂದಿನ ಸೀಟಿನ ಬಳಿ ಒಂದು ಗುಂಡಿ, ಹಿಂದೆ ಒಲೆಯ ಮೇಲೆ ಕರೆಗಂಟೆ. ಒಮ್ಮೆ ಒತ್ತಿದರೆ ಚಹಾ, ಎರಡು ಸಲಕ್ಕೆ ನೀರು.

"ನಾ ನಿಮ್ಮನ್ನ ಕರೀಬೇಕಂದ್ರ?" ಎಂದಳು ಕಲ್ಲವ್ವ.

"ನೀ ಯಾಕ ಕರೀತಿ? ಗಾಡಿ ಹೊಡ್ಯಾಂವ ನಾನು."

ಮುಂದಿನ ಇನ್ನೊಂದು ಸೀಟಿನಲ್ಲಿ ಮಗ ಅಭಿಜೀತ ಕಿವಿಗೆ ವಾಕ್‌ಮನ್ ಸಿಕ್ಕಿಸಿಕೊಂಡು ಆಗಲೇ ವಿರಾಜಮಾನನಾಗಿದ್ದ. "ಮಮ್ಮಿ, ಹಿಂದೆ ಬೆಡ್ ಇದೆ. ಯು ಕ್ಯಾನ್ ರಿಲ್ಯಾಕ್ಸ್" ಎಂದು ಅನುಗ್ರಹಿಸಿದ.

ಮೊದಲ ಕ್ಷೇತ್ರ ಕಡಲ ದಂಡೆಯ ಹಳೆಯ ಹೋಟೆಲು. ಹೋಗಿ ನೋಡಿದರೆ ಹೋಟೆಲಿಲ್ಲ, ಕಾರು ನಿಲ್ಲಿಸುವ ಬಯಲು! ಮಡಿವಾಳಪ್ಪ ಎದೆಗುಂದಲಿಲ್ಲ. ಬೂಟು ಬಿಚ್ಚಿ, ಕಣ್ಣು ಮುಚ್ಚಿ, ಕೈ ಮುಗಿದು ನಿಂತ. ಹಿಂದಿನಿಂದ ಬಂದ ಲ್ಯಾಂಡ್ ಕ್ರೂಸರ್ ಹಾರ್ನ್ ಹೊಡೆಯಿತು. ಅದು ಯಾವ ಸ್ವರವೆಂದು ಇವನು ಮಗನಿಗೆ ವಿವರಿಸುವಷ್ಟರಲ್ಲಿ ಅದರೊಳಗಿನವರು "ಯಲ್ಲಾ, ಯಲ್ಲಾ" ಎಂದು ಇವನನ್ನು ಓಡಿಸಿ, ಬೂಟಿನ ಮೇಲೇ ಗಾಡಿ ನಿಲ್ಲಿಸಿದರು.

ಎರಡನೆಯದು ಖಲೀಫಾ ಸಿಟಿಯ ಒಂದು ವಿಲ್ಲಾ. ಗಾಯಕರು ಅಲ್ಲಿ ತಂಗಿದ್ದಾಗ ಜೋಳದ ರೊಟ್ಟಿಯನ್ನು ಕೇಳಿ ಕೇಳಿ ಹಾಕಿಸಿಕೊಂಡಿದ್ದರಂತೆ. ಗೇಟಿನ ಮುಂದೆ ನಿಂತು ಮಡಿವಾಳಪ್ಪ ಆ ರೊಟ್ಟಿಯ ಮಹಿಮೆಯನ್ನು ಸಾರಿದ. ಬಾಡಿಗೆ ವಿಚಾರಿಸಲು ಬಂದವನೆಂದು ತಿಳಿದು ಕಾವಲಿನವನು ಇಲ್ಲವೆಂದು ತಲೆಯಾಡಿಸಿದ. ಆ ರೊಟ್ಟಿ ಬಡಿದು ಕಳಿಸಿದ ಕೈಗಳು ಆಗ ಗಾಡಿಯ ಹಿಂಭಾಗದಲ್ಲಿ ನೆಲ ಒರೆಸುತ್ತಿದ್ದವು. ಗಾಡಿ ಬ್ರೇಕ್ ಹಾಕಿದ ರಭಸಕ್ಕೆ ಬೇಳೆಯೆಲ್ಲ ಮಂಚದ ಕೆಳಗೆ ಯಾತ್ರೆ ಹೋಗಿತ್ತು.

ದುಬೈ ರಸ್ತೆಗೆ ಬಂದ ಮೇಲೆ ಕರೆಗಂಟೆಗೆ ಬಿಡುವೇ ಇರಲಿಲ್ಲ. ಚಹಾ, ನೀರು, ಚಹಾ. ಪೆಟ್ರೋಲ್ ಪಂಪಿನಲ್ಲಿ ಗಾಡಿ ನಿಂತಿತು. ಸಿಂಕಿನಲ್ಲಿ ನೀರು ಮುಗಿದಿತ್ತು. ಕಲ್ಲವ್ವ ಚಹಾದ ಪಾತ್ರೆ ಹಿಡಿದು ಹಿಂದಿನ ಬಾಗಿಲಿನಿಂದ ಇಳಿದು, ಕೆಫೆಟೇರಿಯಾದ ಹಿತ್ತಲ ನಲ್ಲಿಯಲ್ಲಿ ಅದನ್ನು ಉಜ್ಜಿ ತೊಳೆದು ತಿರುಗಿ ಬಂದಳು.

ಮನೆ ಇರಲಿಲ್ಲ.

ಮನೆ ಬಿಟ್ಟು ಹೋದ ಹೆಂಗಸರ ಸುದ್ದಿ ಊರಲ್ಲಿ ಬೇಕಾದಷ್ಟಿರುತ್ತದೆ. ಹೆಂಗಸನ್ನೇ ಬಿಟ್ಟು ಹೋದ ಮನೆಯ ಸುದ್ದಿ ಬಹುಶಃ ಇದೇ ಮೊದಲು! ಫಳಫಳ ಹೊಳೆಯುವ ಪಾತ್ರೆ ಹಿಡಿದು ಅವಳು ರಸ್ತೆ ನೋಡುತ್ತ ನಿಂತಳು.

ಕೆಫೆಟೇರಿಯಾದ ಮೂಸಬ್ಬ ಮಂಗಳೂರಿನ ಕಡೆಯವನು. ಅವಳು ತನ್ನಷ್ಟಕ್ಕೆ "ಅಯ್ಯ ಶಿವನ" ಎಂದದ್ದು ಕೇಳಿ ಹೊರಗೆ ಬಂದ.

"ಗಾಡಿ ಹೋಯ್ತಲ್ಲ ಅಕ್ಕಾ. ನೀವು ಅದರಲ್ಲಿ ಇರ್ಬೇಕಿತ್ತಾ?"

"ಇದ್ದೀನಿ ಅಂತ ತಿಳಕೊಂಡಾರ."

ಅವನು ತನ್ನ ಮೊಬೈಲು ಕೊಟ್ಟ. ಗಂಡನ ನಂಬರು ಬಾಯಿಪಾಠವಿತ್ತು. ಅರ್ಧ ಒತ್ತಿದ ಕಲ್ಲವ್ವ ಬೆರಳು ನಿಲ್ಲಿಸಿದಳು.

"ಇರಲಿ ಬಿಡು, ಅಣ್ಣಾ. ನಾ ಇಲ್ಲ ಅಂತ ಯಾವಾಗ ಗೊತ್ತಾಗ್ತದ, ಅದಷ್ಟು ನೋಡೂಣು."

ಮೂಸಬ್ಬ ಚಹಾ ತಂದಿಟ್ಟ. ಕೂತ ಕಡೆಗೆ ಬಂದ ಚಹಾ! ಮೊದಲ ಗುಟುಕಿಗೆ ಅವಳು ಮಹಾರಾಣಿಯಾದಳು. ಲೋಟದ ತಳ ಕಾಣುವಾಗ ಬರೀ ಕಲ್ಲವ್ವನಾದಳು. ಎಷ್ಟೊಂದು ಗಾಡಿಗಳು ಹೋದವು, ಬಂದವು. ಬಿಳಿಯದು ಕಂಡಾಗಲೆಲ್ಲ ಎದ್ದು ನಿಂತಳು, ಯಾವುದೂ ನಿಲ್ಲಲಿಲ್ಲ. ಈಗ ಅಲ್ ಬರ್ಷಾ ದಾಟಿರಬಹುದು. ಈಗ ಶಾಲೆ ತಲುಪಿರಬಹುದು. ಈಗ ವೇದಿಕೆ ಹತ್ತಿರಬಹುದು. ಈಗ...

ಪಕ್ಕದಲ್ಲಿ ತಂಪು ಪಾನೀಯದ ಫ್ರಿಜ್ಜು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಕೇಳುತ್ತ ಕೇಳುತ್ತ ಅವಳಿಗೆ ಅದರ ಷಡ್ಜ ಸಿಕ್ಕಿತು. ಮೆಲ್ಲಗೆ ದನಿ ಸೇರಿಸಿದಳು. ಸೆರಗು ಬಾಯಿಗೆ ಅಡ್ಡ ಹಿಡಿದು ಎರಡು ಸಾಲು ಹಾಡಿಯೂ ಹಾಡಿದಳು. ಅವಳ ಜನ್ಮದಲ್ಲಿ ಅವಳ ಹಾಡಿಗೆಂದು ಶ್ರುತಿ ಹಿಡಿದು ಕೂತದ್ದು ಆ ಫ್ರಿಜ್ಜೊಂದೇ. ಅದೂ ಸ್ವಲ್ಪ ಹೊತ್ತಿಗೆ ಗಕ್ಕನೆ ನಿಂತುಬಿಟ್ಟಿತು. ಆಗ ಮೂಸಬ್ಬ ತಲೆ ಎತ್ತಿ ಅದರ ಕಡೆ ನೋಡಿದ. ಅಷ್ಟು ಹೊತ್ತು ಅದು ದುಡಿಯುತ್ತಿತ್ತೆಂದು ಅವನಿಗೆ ಗೊತ್ತಾದದ್ದೇ ಆಗ.

ಹೊತ್ತು ಇಳಿಯುವಾಗ ಮನೆ ಏದುಸಿರು ಬಿಡುತ್ತ ಮರಳಿ ಬಂತು. ಮಡಿವಾಳಪ್ಪ ಹಾರಿ ಇಳಿದ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ಇಳಿಯೂ ಮುಂದ ಒಂದ ಮಾತು ಹೇಳಬಾರದೇನ?"

"ಹೆಂಗ ಹೇಳ್ಲಿ? ನಿಮ್ಮ ಗಂಟಿ ಒಂದ ಕಡಿಗೇ ಬಾರಸ್ತದ."

ಅವನು ಸಮಜಾಯಿಷಿ ಶುರುಮಾಡಿದ. ದಾರಿಯಲ್ಲಿ ಗಂಟೆ ಒತ್ತಿದ್ದನಂತೆ, ಕಿಂಡಿಯಲ್ಲಿ ಕೂಗಿದ್ದನಂತೆ. ಇವಳು ಸಿಟ್ಟಿನಿಂದ ಮಾತು ಬಿಟ್ಟಿದ್ದಾಳೆಂದು ತಿಳಿದು ಮುಂದೆ ಹೋಗಿದ್ದನಂತೆ.

"ಆಮ್ಯಾಲೆ ಆ ವೇದಿಕಿ ಮ್ಯಾಲೆ ನಿಂತೆ ನೋಡು. ಗಾಯಕರು ಇಲ್ಲಿ, ತಬಲಾ ಇಲ್ಲಿ, ಪೇಟಿ ಇಲ್ಲಿ... ಒಮ್ಮೆಲೇ ನಿನ್ನ ನೆನಪಾತು. ಓಡಿ ಬಂದು ಗಾಡಿ ಬಾಗಲಾ ತಗದೆ!"

ಕಲ್ಲವ್ವ ಪಾತ್ರೆಯನ್ನು ಎದೆಗೊತ್ತಿಕೊಂಡಳು. "ವೇದಿಕಿ ಮ್ಯಾಲೆ ನಾ ಯಾಕ ನೆನಪಾದೆ?"

ಅವನು ಬಾಯಿ ತೆರೆದ. ಅಭಿಜೀತ ವಾಕ್‌ಮನ್ನನ್ನು ಒಂದು ಕಿವಿಯಿಂದ ಸರಿಸಿದ.

"ಪಪ್ಪಾ ವಾಂಟೆಡ್ ಟೀ, ಮಮ್ಮಿ."

"ಅಲ್ಲೆ ಕ್ಯಾಂಟೀನ್ ಮುಚ್ಚಿತ್ತು" ಎಂದ ಮಡಿವಾಳಪ್ಪ, ಸಣ್ಣ ದನಿಯಲ್ಲಿ.

ಕಲ್ಲವ್ವ ಪಾತ್ರೆಯನ್ನು ಮಗನ ಕೈಗಿತ್ತು ಹಿಂದಕ್ಕೆ ಕಳಿಸಿ, ಮುಂದಿನ ಸೀಟಿನಲ್ಲಿ ಕೂತು ಬೆಲ್ಟ್ ಬಿಗಿದುಕೊಂಡಳು. ಯಾರೂ ತಕರಾರು ಮಾಡಲಿಲ್ಲ. ಗಾಡಿ ಹೊರಟಿತು. ಅವಳ ಮನಸ್ಸು ತಿಳಿಮಾಡಲು ಮಡಿವಾಳಪ್ಪ ಆ ಕ್ಯಾಸೆಟ್ಟು ಹಾಕಿದ. ಗಾಯಕರು ಬಾಯಿ ತೆರೆಯುವ ಮುಂಚೆ ತಂಬೂರಿ ಒಂದೇ ತುಂಬು ನಾದವಾಗಿ ಗಾಡಿಯ ತುಂಬ ಹರಡಿತು. ಕಲ್ಲವ್ವ ತನ್ನ ಬೆರಳುಗಳನ್ನು ನೋಡಿಕೊಂಡಳು.

"ತಡಿ, ಇನ್ನೂ ಶುರು ಆಗಿಲ್ಲ" ಎಂದು ಅವನು ಟೇಪನ್ನು ಮುಂದಕ್ಕೆ ಓಡಿಸಿದ.

ಕಲ್ಲವ್ವ ಕೈಚಾಚಿ ಕರೆಗಂಟೆಯ ಗುಂಡಿಯನ್ನು ಒಮ್ಮೆ ಒತ್ತಿದಳು. ಹಿಂದೆ ಒಲೆಯ ಮೇಲೆ ಗಂಟೆ ಟಣ್ ಎಂದದ್ದು ಕಿಂಡಿಯಲ್ಲಿ ಸಣ್ಣಗೆ ಕೇಳಿಸಿತು. ಮಗ ಮಂಚದಲ್ಲಿ ಮಗ್ಗುಲು ಬದಲಿಸಿದ. ಮತ್ತೆ ಯಾರೂ ಅಲುಗಲಿಲ್ಲ.

ಅಲ್ಲ, ಒಬ್ಬರು ಅಲುಗಿದರು. ಗಂಟೆ ಕೇಳಿದ್ದೇ ತಡ, ಕಲ್ಲವ್ವ ದಡಬಡಿಸಿ ಅರ್ಧ ಎದ್ದಿದ್ದಳು. ಸೀಟಿನ ಬೆಲ್ಟು ಅವಳನ್ನು ಹಿಡಿದೆಳೆದು ಕೂರಿಸಿತು.