ತೋಕುಜಿಯ ತಲೆ, ಬೇಸ್‌ಬಾಲಿನ ಮಾನ

"ಜಗತ್ತಿನಲ್ಲಿ ಆಟಗಾರ ಅಂತ ಯಾರಾದರೂ ಇದ್ದರೆ ಅದು ಬೇಸ್‌ಬಾಲ್ ಆಡೋನು. ಮಿಕ್ಕವರೆಲ್ಲ ಸುಮ್ಮನೆ ಬೆವರು ಸುರಿಸೋರು, ಅಷ್ಟೇ!"

ತೋಫು ಅಂಗಡಿಯ ತೋಕುಜಿ ಈ ಘೋಷಣೆ ಮಾಡಿದ್ದು ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತು. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿತ್ತು, ಕಿವಿಯ ಪಕ್ಕದಲ್ಲೇ ಕತ್ತಿ ಓಡಾಡುತ್ತಿತ್ತು. ಇಂಥ ಮಾತಿಗೆ ಅದು ಸರಿಯಾದ ಜಾಗವಲ್ಲ. ಏಕೆಂದರೆ ಕತ್ತಿ ಹಿಡಿದಿದ್ದ ಇವಾನೆ ಶಾಲೆಯ ದಿನಗಳಲ್ಲಿ ಪಿಂಗ್‌ಪಾಂಗ್ ಆಡಿದವನು. ಜಿಲ್ಲೆಗೇ ಮೊದಲಿಗನಾಗಿದ್ದವನು. ಆ ಬೆಳ್ಳಿ ಬಟ್ಟಲು ಇಂದಿಗೂ ಕನ್ನಡಿಯ ಮೇಲುಗಡೆ ಕೂತು, ಬಂದ ಗಿರಾಕಿಗಳನ್ನೆಲ್ಲ ನೋಡುತ್ತಿತ್ತು.

ಕತ್ತಿ ನಿಂತಿತು.

"ಲೋ ತೋಕುಜಿ, ನಿಮ್ಮ ಆಟದಲ್ಲಿ ಅರ್ಧ ಹೊತ್ತು ಬೆಂಚಿನ ಮೇಲೆ ಕೂತಿರ್ತೀರಿ. ಉಳಿದರ್ಧ ಹುಲ್ಲಿನ ಮೇಲೆ ನಿಂತು ಆಕಾಶ ನೋಡ್ತೀರಿ. ಅದನ್ನ ಆಟ ಅಂತೀಯಾ? ನಮ್ಮ ಮನೆ ಬೆಕ್ಕೂ ಅದನ್ನೇ ಮಾಡುತ್ತೆ!"

"ನಿನ್ನದೇನೋ ಮಹಾ! ಊಟದ ಮೇಜಿನಷ್ಟು ಜಾಗ, ಕೋಳಿಮೊಟ್ಟೆಯಷ್ಟು ಚೆಂಡು! ನಾವು ಓಡ್ತೀವಿ, ಎಸೀತೀವಿ, ಹಿಡೀತೀವಿ, ಹೊಡೀತೀವಿ. ಒಬ್ಬ ಬೇಸ್‌ಬಾಲ್ ಆಟಗಾರನೊಳಗೆ ನಾಲ್ಕು ಜನ ಆಟಗಾರರಿರ್ತಾರೆ ಕಣೋ!"

"ಹಾಗಾದ್ರೆ ಆ ನಾಲ್ಕೂ ಜನರನ್ನ ಭಾನುವಾರ ಊರಿನ ಆಟೋಟಕ್ಕೆ ಕರಕೊಂಡು ಬಾ. ನಾನೊಬ್ಬನೇ ಬರ್ತೀನಿ. ಸೋತವನ ತಲೆ ಬೋಳು!"

ತೋಕುಜಿ ಬಟ್ಟೆಯೊಳಗಿನಿಂದ ಕೈ ತೆಗೆದು ತಲೆ ಸವರಿಕೊಂಡ. ಅವನ ತಲೆ ಸಾಮಾನ್ಯ ತಲೆಯಾಗಿರಲಿಲ್ಲ. ಆಟೋಟ ಕಳೆದ ಮರುವಾರವೇ ಮಗಳು ಚಿಹಾರುವಿನ ಮದುವೆ. "ಅಪ್ಪಾ, ನಿನ್ನ ಮದುವೆ ಫೋಟೋದಲ್ಲಿ ಅಮ್ಮ ಯಾರೋ ಸನ್ಯಾಸಿ ಪಕ್ಕ ನಿಂತ ಹಾಗಿದೆ. ನನ್ನ ಫೋಟೋದಲ್ಲಾದ್ರೂ ನಿನ್ನ ತಲೆ ಮೇಲೆ ಕೂದಲು ಕಾಣಬೇಕು," ಎಂದು ಅವಳು ಕಟ್ಟಪ್ಪಣೆ ಮಾಡಿದ್ದಳು. ಕಡಲಪಾಚಿ ತಿಂದರೆ ಕೂದಲು ಬೆಳೆಯುತ್ತದೆಂದು ಊರೆಲ್ಲ ನಂಬಿತ್ತು. ಹಾಗಾಗಿ ಬೇಸಿಗೆ ಪೂರ್ತಿ ಮೂರು ಹೊತ್ತೂ ಕಡಲಪಾಚಿಯ ಸಾರು ಕುಡಿದು, ಕುಡಿದು, ಅವನು ಬೈತಲೆ ತೆಗೆಯುವಷ್ಟು ಬೆಳೆ ತೆಗೆದಿದ್ದ.

ಆದರೆ ಬೇಸ್‌ಬಾಲಿನ ಮಾನ! ಕುರ್ಚಿಗಳಲ್ಲಿ ಕಾಯುತ್ತಿದ್ದ ಗಿರಾಕಿಗಳೆಲ್ಲ ಪೇಪರು ಮಡಚಿ ಇವನನ್ನೇ ನೋಡುತ್ತಿದ್ದರು.

"ಆಗಲಿ!" ಅಂದುಬಿಟ್ಟ.

ಮನೆಗೆ ಬಂದು ಹೆಂಡತಿಗೆ ಹೇಳಿದ. ಫುಸಾಯೆ ತೊಟ್ಟಿಯ ನೀರಿನಲ್ಲಿದ್ದ ಮೆತ್ತನೆಯ ತೋಫುವನ್ನು ಸೌಟಿನಲ್ಲಿ ಎತ್ತಿ ಎತ್ತಿ ಡಬ್ಬಿಗೆ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

"ಏನ್ರೀ, ಪಂದ್ಯ ಕಟ್ಟೋಕೆ ಬೇರೆ ಏನೂ ಸಿಗಲಿಲ್ವಾ? ಈ ಸೈಕಲ್ ಇರಲಿಲ್ವಾ?"

"ಸೋತರೆ ತಾನೇ ಬೋಳು? ಸೋಲೋ ಮಾತೆಲ್ಲಿ ಬಂತು! ನೀನೂ ನಮ್ಮ ಬೇಸ್‌ಬಾಲ್ ತಂಡದವಳೇ, ನಿನಗೆ ಗೊತ್ತಿಲ್ವೇನೇ?"

"ನಾನು ಯಾವ ಆಟ ಆಡಿದೀನಿ? ನಿಮಗೆಲ್ಲ ಕೆಟಲಿನಲ್ಲಿ ನೀರು ಹೊತ್ತೆ, ಅನ್ನದ ಉಂಡೆ ಕಟ್ಟಿದೆ, ಸಾಲಾಗಿ ಕೂರಿಸಿ ತಲೆ ಬೋಳಿಸಿದೆ. ಆಡಿದವರು ನೀವು. ಬಟ್ಟೆ ಒಗೆದವಳು ನಾನು."

ಅದು ನಿಜವೇ. ಶಾಲೆಯ ಬೇಸ್‌ಬಾಲ್ ತಂಡದ ಚಾಕರಿಯೆಲ್ಲ ನೋಡಿಕೊಂಡಿದ್ದವಳು ಅವಳೇ. ಆ ಕಾಲಕ್ಕೆ ಶಾಲೆಯ ಬೇಸ್‌ಬಾಲ್ ಹುಡುಗರೆಲ್ಲ ಬೋಳುತಲೆಯಲ್ಲೇ ಆಡಬೇಕಿತ್ತು. ತೋಕುಜಿಯ ತಲೆಯ ಉಬ್ಬುತಗ್ಗುಗಳೆಲ್ಲ ಫುಸಾಯೆಗೆ ಮದುವೆಗೆ ಮೊದಲೇ ಪರಿಚಯ.

ಮರುದಿನ ಬೆಳಗಿನಿಂದಲೇ ವೀರಾಭ್ಯಾಸ ಶುರುವಾಯಿತು. ತೋಕುಜಿ ಯೌವನದಲ್ಲಿ ಹೆಸರು ಮಾಡಿದ್ದು ಒಂದೇ ವಿದ್ಯೆಯಲ್ಲಿ. ಚೆಂಡು ಹೊಡೆದು, ಬೇಸು ಎನ್ನುವ ನೆಲದ ಮೆತ್ತೆಯ ಕಡೆ ಓಡುವುದು, ಕೊನೆಯಲ್ಲಿ ಹದ್ದಿನ ಹಾಗೆ ಎದೆ ಮುಂದು ಮಾಡಿ ನೆಲಕ್ಕೆ ಹಾರಿ ಜಾರುವುದು, ಬೆರಳ ತುದಿಯಲ್ಲಿ ಬೇಸು ಮುಟ್ಟಿ, ಔಟಾಗದೆ ಅಂಪೈರಿಂದ "ಸೇಫ್!" ಎನ್ನಿಸಿಕೊಳ್ಳುವುದು. ಅದು ಇನ್ನೂ ಬರುತ್ತದೋ ಇಲ್ಲವೋ ನೋಡಬೇಡವೇ? ಪಡಸಾಲೆಯ ಮರದ ಹಲಗೆಗಳಿಗೆ ಫುಸಾಯೆ ಆಗಷ್ಟೇ ಮೇಣ ಹಚ್ಚಿ ಉಜ್ಜಿದ್ದಳು. ತೋಕುಜಿ ಓಡಿದ. ಹಾರಿದ. ಜಾರಿದ. ಬೇಸೆಂದು ಇಟ್ಟಿದ್ದ ದಿಂಬು ಬಂತು, ಹೋಯಿತು. ಅವನು ಮಾತ್ರ ನಿಲ್ಲಲಿಲ್ಲ! ಕೊನೆಯಲ್ಲಿದ್ದ ಕಾಗದದ ಬಾಗಿಲನ್ನು ತಲೆಯಿಂದ ಸೀಳಿಕೊಂಡು, ಮದುವೆಗೆ ಬರುವ ಬೀಗರಿಗೆಂದು ಜೋಡಿಸಿಟ್ಟಿದ್ದ ಹಾಸಿಗೆಗಳ ರಾಶಿಯೊಳಗೆ ಭುಜದ ತನಕ ಹೂತುಹೋದ.

ಫುಸಾಯೆ ಬಂದು, ಹೊರಗುಳಿದಿದ್ದ ಕಾಲುಗಳನ್ನು ಕೇಳಿದಳು: "ಸೇಫಾ?"

"ಸೇಫ್," ಅಂದಿತು ಹಾಸಿಗೆ.

"ಬಾಗಿಲು ಔಟು," ಎಂದು ಅವಳು ಅಂಟು ಕಲಸಲು ಹೋದಳು.

ಭಾನುವಾರ ಬಂತು. ಶಾಲೆಯ ಬಯಲಿನಲ್ಲಿ ಬಣ್ಣಬಣ್ಣದ ಬಾವುಟ, ಡೇರೆಗಳ ಕೆಳಗೆ ಚಾಪೆ, ಚಾಪೆಯ ಮೇಲೆ ಊಟದ ಡಬ್ಬಿ. ಮೇಲ್ಬೀದಿಗೂ ಕೆಳಬೀದಿಗೂ ಪೈಪೋಟಿ. ಇವಾನೆ ಮೇಲ್ಬೀದಿಯವನು, ತೋಕುಜಿ ಕೆಳಬೀದಿಯವನು. ಬೋಳುತಲೆಯ ಪಂದ್ಯ ಇಡೀ ಊರಿಗೇ ಗೊತ್ತಾಗಿಬಿಟ್ಟಿತ್ತು. ಮಕ್ಕಳು ಕೂಡ ತೋಕುಜಿಯನ್ನು ನೋಡಿದ ಕೂಡಲೇ ತಲೆ ಸವರಿಕೊಂಡು ತೋರಿಸುತ್ತಿದ್ದರು. ನಡುವೆ ಮೈಕು ಹಿಡಿದು ನಿಂತವರು ಊರ ಸಂಘದ ಅಧ್ಯಕ್ಷ ಮಿನೊಬೆಯವರು. ಮೀನಿನ ಹರಾಜಿನಲ್ಲಿ ಪಳಗಿದ ಗಂಟಲು. ರಜಾದಿನಗಳಲ್ಲಿ ಬೇಸ್‌ಬಾಲ್ ಪಂದ್ಯಗಳಿಗೆ ಅಂಪೈರು.

ಮೊದಲು ಕೋಲಿನ ತುದಿಗೆ ಕಟ್ಟಿದ ಬುಟ್ಟಿಗೆ ಚೆಂಡು ಹಾಕುವ ಆಟ. "ಎಸೆಯೋದಾ! ಅದು ನಮ್ಮ ಮನೆ ಕೆಲಸ!" ಎಂದು ತೋಕುಜಿ ತೋಳು ಮಡಚಿ, ಒಂದು ಕಾಲೆತ್ತಿ, ಮೈಯನ್ನೆಲ್ಲ ಬಿಲ್ಲಾಗಿಸಿ ಎಸೆದ. ಚೆಂಡು ಬುಟ್ಟಿಯನ್ನು ದಾಟಿ, ಡೇರೆಯನ್ನು ದಾಟಿ, ಹೆಡ್‌ಮಾಸ್ತರರ ಸೂಪಿನ ಬಟ್ಟಲಿನಲ್ಲಿ ಹೋಗಿ ಕೂತಿತು. ಎಂಥ ಎಸೆತ! ಎಷ್ಟು ವೇಗ! ಬುಟ್ಟಿಗೆ ಮಾತ್ರ ಒಂದೂ ಬೀಳಲಿಲ್ಲ. ಆ ಕಡೆ ಇವಾನೆ ಮಣಿಕಟ್ಟು ಕುಣಿಸಿ ಕುಣಿಸಿ ಬುಟ್ಟಿ ತುಂಬಿಸಿಬಿಟ್ಟ.

ಎರಡನೆಯದು ಹಗ್ಗಜಗ್ಗಾಟ. ಅಲ್ಲಿ ತೋಕುಜಿ ಹಗ್ಗದ ಬಾಲವನ್ನು ಸೊಂಟಕ್ಕೆ ಸುತ್ತಿಕೊಂಡು ಹೂಂಕರಿಸಿದ ನೋಡಿ, ಇವಾನೆಯ ಸಮೇತ ಮೇಲ್ಬೀದಿಗೆ ಮೇಲ್ಬೀದಿಯೇ ಕೆಳಬೀದಿಯ ಚಾಪೆಗಳ ಮೇಲೆ ಬಂದು ಬಿತ್ತು. "ಬೇಸ್‌ಬಾಲ್!" ಎಂದು ತೋಕುಜಿ ಎರಡೂ ಕೈ ಎತ್ತಿ ಬಯಲು ಸುತ್ತಿದ.

"ಹಗ್ಗ ಎಳೆಯೋದು ಬೇಸ್‌ಬಾಲಲ್ಲಿ ಎಲ್ಲಿದೆಯೋ?" ಎಂದ ಇವಾನೆ, ಬಾಯಿಂದ ಹುಲ್ಲು ಉಗುಳುತ್ತ.

"ಎಲ್ಲಾ ಇದೆ ಕಣೋ! ಬೇಸ್‌ಬಾಲಲ್ಲಿ ಎಲ್ಲಾ ಇದೆ!"

ಸಮಸಮ. ಇನ್ನು ಓಟ. ಬಿಳಿ ಸುಣ್ಣದ ಗೆರೆ, ಅದರ ಮೇಲೆ ಅಡ್ಡ ಹಿಡಿದ ರಿಬ್ಬನ್ನು. ಪೀಪಿ ಊದಿದರು. ಓಡಿದರು ನೋಡಿ! ತೋಕುಜಿಯ ಕಾಲಿಗೆ ಹದಿನೇಳರ ಪ್ರಾಯ ಬಂತು. ಕಡಲಪಾಚಿಯಿಂದ ಬೆಳೆದ ಕೂದಲು ಗಾಳಿಯಲ್ಲಿ ಹಾರಿತು. ಇವಾನೆ ಹಿಂದೆ, ಬಹಳ ಹಿಂದೆ, ಏದುಸಿರು ಬಿಡುತ್ತಿದ್ದ. ಕೆಳಬೀದಿಯವರೆಲ್ಲ ಎದ್ದು ನಿಂತರು. ಇನ್ನೇನು ಗೆರೆ. ಇನ್ನೇನು ಗೆಲುವು. ತಲೆ ಉಳಿಯಿತು! ಬೇಸ್‌ಬಾಲಿನ ಮಾನ ಉಳಿಯಿತು!

ಆ ಬಿಳಿ ಗೆರೆಯನ್ನು ಕಂಡ ತೋಕುಜಿಯ ಮೈಗೆ ಅದೇನು ನೆನಪಾಯಿತೋ!

ಹಾರಿದ. ಎದೆ ಮುಂದು ಮಾಡಿ ಹದ್ದಿನ ಹಾಗೆ ಹಾರಿದ! ಧೂಳಿನ ಮೋಡವೆದ್ದಿತು. ಮೋಡ ಇಳಿದಾಗ ತೋಕುಜಿ ರಿಬ್ಬನ್ನಿನ ಈಚೆಗೆ ನೆಲದ ಮೇಲೆ ಉದ್ದಕ್ಕೂ ಮಲಗಿದ್ದ. ಬೆರಳ ತುದಿಗಳು ಮಾತ್ರ ಬಿಳಿ ಗೆರೆಯನ್ನು ಮುಟ್ಟಿದ್ದವು. ಮುಖದಲ್ಲಿ ಪರಮ ತೃಪ್ತಿ. ಅಧ್ಯಕ್ಷ ಮಿನೊಬೆಯವರೂ ಮೈಕು ಬಿಸಾಕಿ, ಮಂಡಿ ಬಗ್ಗಿಸಿ, ಎರಡೂ ತೋಳುಗಳನ್ನು ಅಗಲಕ್ಕೆ ಚಾಚಿ ಕೂಗಿದರು: "ಸೇಏಏಫ್!"

ಆ ಹೊತ್ತಿಗೆ ಇವಾನೆ ಬಂದ. ತೋಕುಜಿಯ ಬೆನ್ನನ್ನು ದಾಟಿ, ಎದೆಯಿಂದ ರಿಬ್ಬನ್ನು ಹರಿದು, ಮುಂದಕ್ಕೆ ಹೋದ.

"ಗೆದ್ದೆ!" ಎಂದ ತೋಕುಜಿ ನೆಲದಿಂದ.

"ಎಲ್ಲೋ ಗೆದ್ದೆ? ಓಟದಲ್ಲಿ ಗೆರೆ ದಾಟಬೇಕು ಕಣೋ, ಗೆರೆ ನೇವರಿಸೋದಲ್ಲ!"

"ಅಂಪೈರು ಸೇಫ್ ಅಂದಿದ್ದಾರೆ!"

"ಓಟದಲ್ಲಿ ಎಂಥಾ ಸೇಫು? ಏನ್ರೀ ಅಧ್ಯಕ್ಷರೇ, ನಿಮಗಾದ್ರೂ ಬುದ್ಧಿ ಬೇಡವಾ?"

ಅಧ್ಯಕ್ಷರು ಚಾಚಿದ್ದ ತೋಳುಗಳನ್ನು ಮೆಲ್ಲಗೆ ಹಿಂದಕ್ಕೆ ತಂದುಕೊಂಡರು. "ಅದು... ಬಾಯಿಗೆ ಬಂದುಬಿಡ್ತು. ಆದರೆ ಅಂಪೈರು ಒಮ್ಮೆ ಹೇಳಿದ್ದನ್ನ ವಾಪಸ್ ತಗೊಂಡ್ರೆ ಮರ್ಯಾದೆ ಇರಲ್ಲ. ಇದನ್ನ ಸಮ ಅನ್ನೋಣ. ಮುಂದಿನ ಸೌಟಿನ ಓಟದಲ್ಲಿ ತೀರ್ಮಾನ ಆಗಲಿ."

ಸೌಟಿನ ಓಟವೆಂದರೆ ಅಡುಗೆ ಸೌಟಿನಲ್ಲಿ ಪಿಂಗ್‌ಪಾಂಗ್ ಚೆಂಡಿಟ್ಟುಕೊಂಡು ಬೀಳಿಸದೆ ಓಡುವುದು. ಪಿಂಗ್‌ಪಾಂಗ್ ಚೆಂಡು! ಇವಾನೆಯ ಮುಖ ಹಬ್ಬದ ದೀಪದಂತೆ ಬೆಳಗಿತು. "ಈ ಚೆಂಡು ನನ್ನ ಮಾತು ಕೇಳಿಕೊಂಡೇ ಬೆಳೆದದ್ದು!"

ತೋಕುಜಿ ಏಳಲು ನೋಡಿದ. ಮಂಡಿ ಎರಡೂ ತರಚಿ ಹೋಗಿದ್ದವು. ಅದಕ್ಕಿಂತ ದೊಡ್ಡ ಕಷ್ಟವೆಂದರೆ, ಪ್ಯಾಂಟು ಮುಂದಿನಿಂದ ಹಿಂದಿನ ತನಕ ಹರಿದಿತ್ತು. ಏಳುವಂತಿರಲಿಲ್ಲ. ನೆಲದ ಮೇಲೆಯೇ ಕೂತು, ಕಣ್ಣು ಮುಚ್ಚಿ, ತಲೆಗೂದಲನ್ನು ಕೊನೆಯ ಬಾರಿಗೆ ಎನ್ನುವಂತೆ ಸವರಿಕೊಂಡ.

ಯಾರೋ ಅವನ ಮಡಿಲಿಗೆ ಏಪ್ರನ್ ಒಂದನ್ನು ಎಸೆದರು.

"ಸುತ್ತಿಕೊಂಡು ಕೂತ್ಕೊಳ್ಳಿ," ಎಂದಳು ಫುಸಾಯೆ. "ಎಲ್ಲಿ, ಸೌಟು ಕೊಡಿ."

"ಅತ್ತಿಗೆ, ನೀವಾ?" ಇವಾನೆ ನಕ್ಕ. "ನೀವು ಯಾವತ್ತೂ ಆಟ ಆಡಿದವರೇ ಅಲ್ಲವಲ್ಲ!"

"ಹೌದು ಇವಾನೆಯವರೇ. ಎಲ್ಲಾದ್ರೂ ತಪ್ಪಿದ್ರೆ ನೀವು ಹೇಳಿಕೊಡಿ."

ಪೀಪಿ ಕೂಗಿತು. ಇವಾನೆ ಜಿಂಕೆಯ ಹಾಗೆ ಚಿಮ್ಮಿದ. ಚೆಂಡು ಸೌಟಿನಲ್ಲಿ ಅಲುಗದೆ ಕೂತಿತ್ತು, ಅವನು ಹೇಳಿದ ಹಾಗೆಯೇ. ಫುಸಾಯೆ ಓಡಲೂ ಇಲ್ಲ, ನಡೆಯಲೂ ಇಲ್ಲ. ಬೆಳಗಾದರೆ ತೊಟ್ಟಿಯಿಂದ ಡಬ್ಬಿಗೆ, ಅಂಗಡಿಯಿಂದ ಬಾಗಿಲಿಗೆ, ಒಡೆಯದಂತೆ ತೋಫು ಸಾಗಿಸುವ ಅದೇ ತೇಲು ನಡಿಗೆ. ಸೊಂಟದಿಂದ ಮೇಲೆ ಒಂದು ಕೂದಲೂ ಅಲುಗಲಿಲ್ಲ. ಕಾಲುಗಳು ಮಾತ್ರ ಹೊಲಿಗೆ ಯಂತ್ರದಂತೆ ಕೆಲಸ ಮಾಡುತ್ತಿದ್ದವು.

ಅಷ್ಟರಲ್ಲಿ ಕಡಲ ಕಡೆಯಿಂದ ಗಾಳಿ ಬೀಸಿತು. ಇವಾನೆಯ ಚೆಂಡು ಸೌಟಿನಿಂದ ಮೇಲಕ್ಕೆ ಎದ್ದಿತು. ಮೂಗಿನ ಮುಂದೆ ಬಂದ ಚೆಂಡು! ಜಿಲ್ಲೆಗೇ ಮೊದಲಿಗನ ಕೈ ಸುಮ್ಮನಿದ್ದೀತೇ? ಸೌಟು ತಾನಾಗಿ ಹಿಂದಕ್ಕೆ ಹೋಯಿತು. ತಾನಾಗಿ ಮುಂದಕ್ಕೆ ಬಂತು. ಟಕ್! ಎಂಥಾ ಹೊಡೆತ! ಚೆಂಡು ಡೇರೆಗೆ ಹಾರಿ, ಆಗಷ್ಟೇ ಬದಲಾಯಿಸಿಕೊಟ್ಟಿದ್ದ ಹೆಡ್‌ಮಾಸ್ತರರ ಹೊಸ ಸೂಪಿನಲ್ಲಿ ಬಿತ್ತು.

ಫುಸಾಯೆ ಗೆರೆ ದಾಟಿದಳು. ರಿಬ್ಬನ್ನು ಹರಿಯಿತು. ದಾಟಿ, ನಿಂತು, ಸೌಟಿನೊಳಗೆ ಇಣುಕಿ ನೋಡಿ, ಚೆಂಡು ಇದೆಯೆಂದು ಖಾತ್ರಿ ಮಾಡಿಕೊಂಡಳು.

ಕೆಳಬೀದಿ ಸಿಡಿಯಿತು! ಡಬ್ಬಿ ಬಡಿದರು, ಬಾವುಟ ಕಿತ್ತು ಬೀಸಿದರು. ತೋಕುಜಿ ಏಪ್ರನ್ ಸುತ್ತಿಕೊಂಡೇ ಕುಂಟುತ್ತ ಓಡಿ ಬಂದ.

"ಗೆದ್ವಿ! ಕೊನೆಗೂ ಬೇಸ್‌ಬಾಲೇ ಗೆದ್ದಿತು! ಲೋ ಇವಾನೆ, ಎಲ್ಲಿ ನಿನ್ನ ಕ್ಷೌರದ ಯಂತ್ರ?"

"ಸ್ವಲ್ಪ ತಡೀರಿ," ಎಂದಳು ಫುಸಾಯೆ. "ಸೋತವನ ತಲೆ ಬೋಳು ಅಂತ ತಾನೇ ಮಾತು? ಈ ಓಟದಲ್ಲಿ ಪಿಂಗ್‌ಪಾಂಗ್ ಗೆದ್ದಿತಾ?"

"ಇಲ್ಲ," ಎಂದ ಇವಾನೆ, ನೆಲ ನೋಡುತ್ತ.

"ಬೇಸ್‌ಬಾಲ್ ಓಡಿತಾ?"

ತೋಕುಜಿ ಏಪ್ರನ್ನಿನ ಗಂಟು ಬಿಗಿ ಮಾಡಿಕೊಂಡ.

"ಹಾಗಾದ್ರೆ ಇಬ್ಬರೂ ಸೋತ ಹಾಗಾಯ್ತಲ್ಲ, ಅಧ್ಯಕ್ಷರೇ?"

ಮಿನೊಬೆಯವರು ಈ ಸಲ ಬಹಳ ಯೋಚಿಸಿ, ಬಲಗೈ ಮುಷ್ಟಿ ಮೇಲೆತ್ತಿದರು. "ಔಟ್! ಇಬ್ಬರೂ ಔಟ್!"

"ಏ ಫುಸಾಯೆ, ಮುಂದಿನ ವಾರ ಮದುವೆ ಕಣೇ! ಫೋಟೋ! ಬೇಸಿಗೆಯೆಲ್ಲ ಸಾರು ಕುಡಿದು ಬೆಳೆಸಿದ ಕೂದಲು!"

"ಸಾರು ಕಾಸಿದವಳು ನಾನು. ಬೆಳೆಯೂ ನನ್ನದೇ, ಕೊಯ್ಲೂ ನನ್ನದೇ," ಎಂದು ಅವಳು ತೋಳು ಮಡಚಿಕೊಂಡಳು.

ಅಂದು ಸಂಜೆ ಕ್ಷೌರದಂಗಡಿಯ ಎರಡು ಕುರ್ಚಿಗಳಲ್ಲಿ ಇಬ್ಬರೂ ಪಕ್ಕಪಕ್ಕ ಕೂತರು. ಯಂತ್ರ ಹಿಡಿದ ಫುಸಾಯೆಯ ಕೈ ಶಾಲೆಯ ದಿನಗಳ ಕೆಲಸವನ್ನು ಮರೆತಿರಲಿಲ್ಲ. ಕಿಟಕಿಯ ಹೊರಗೆ ಅರ್ಧ ಊರು ನಿಂತು ಚಪ್ಪಾಳೆ ತಟ್ಟಿತು.

ಮದುವೆಯ ದಿನ ಚಿಹಾರು ಅಪ್ಪನನ್ನು ನೋಡಿದಳು. ಅಪ್ಪನ ಪಕ್ಕದಲ್ಲಿದ್ದ ಇವಾನೆಯನ್ನು ನೋಡಿದಳು. ಮದುವೆಗೆ ಮೊದಲು, ಅಲ್ಲಿನ ಪದ್ಧತಿಯಂತೆ, ಮದುವಣಗಿತ್ತಿಯ ಕತ್ತಿನ ಮೇಲಿನ ನವಿರು ಕೂದಲು ತೆಗೆದವನೇ ಅವನು, ಅದಕ್ಕೇ ಅವನಿಗೂ ಕರೆ. ಅವಳು ಮುಖ ಮುಚ್ಚಿಕೊಂಡಳು. ಭುಜ ಕುಲುಕಿದ್ದು ಅಳುವಿಗಲ್ಲ, ನಗುವಿಗೆಂದು ತಿಳಿದಾಗಷ್ಟೇ ತೋಕುಜಿಗೆ ಉಸಿರು ಬಂತು.

ಗಂಡಿನ ಸೋದರಮಾವ ಹತ್ತಿರ ಬಂದು, ಮಿರುಗುವ ತಲೆಯನ್ನು ಭಕ್ತಿಯಿಂದ ನೋಡಿದರು. "ಬೀಗರು ಬೇಸ್‌ಬಾಲ್ ಆಡಿದವರು ಅಂತ ತಲೆ ನೋಡಿದ್ರೇ ಗೊತ್ತಾಗುತ್ತೆ! ಹೇಳಿ, ಆಟಗಾರರಲ್ಲೆಲ್ಲ ಮೊದಲನೆಯವರು ಬೇಸ್‌ಬಾಲ್‌ನವರೇ ಅಲ್ವಾ?"

ತೋಕುಜಿಯ ಎದೆ ಉಬ್ಬಿತು. ಬಾಯಿ ತೆರೆಯಿತು. ಅಷ್ಟರಲ್ಲಿ ಆ ಜನಜಂಗುಳಿಯ ನಡುವೆ, ಕಿಮೋನೊ ತೊಟ್ಟ ಫುಸಾಯೆ ತುಂಬಿದ ಸೂಪಿನ ಬಟ್ಟಲುಗಳ ತಟ್ಟೆ ಹಿಡಿದು, ಒಂದು ಹನಿಯೂ ತುಳುಕಿಸದೆ ತೇಲಿಕೊಂಡು ಬರುವುದು ಕಂಡಿತು.

"ಎರಡನೆಯವರು," ಎಂದ ತೋಕುಜಿ ಮೆತ್ತಗೆ. "ಮೊದಲನೆಯವಳು ಅಗೋ, ಅಲ್ಲಿ ಬರ್ತಿದ್ದಾಳೆ."

"ಎರಡನೇ ಜಾಗ ಪಿಂಗ್‌ಪಾಂಗಿಂದು!" ಎಂದ ಇವಾನೆ ಥಟ್ಟನೆ.

"ಯಾವನೋ ಹೇಳಿದ್ದು?"

"ನಾನು ಕಣೋ ಹೇಳಿದ್ದು!"

ಫುಸಾಯೆ ಇಬ್ಬರ ಮುಂದೆಯೂ ಒಂದೊಂದು ಬಟ್ಟಲು ಇಟ್ಟಳು. ಕಡಲಪಾಚಿಯ ಸಾರು.

"ಇದಕ್ಕೂ ಪಂದ್ಯ ಕಟ್ತೀರಾ?" ಎಂದು ತಣ್ಣಗೆ ಕೇಳಿದಳು. "ಹುಬ್ಬು ಇನ್ನೂ ಉಳಿದಿದೆ."

ಎರಡು ಬೋಳುತಲೆಗಳೂ ಒಟ್ಟಿಗೇ ಬಗ್ಗಿ, ಸಾರು ಕುಡಿಯತೊಡಗಿದವು.