ಟೆಂಪೋ ಕಂಡರೆ ಏರುತ್ತಿದ್ದ ಹೋತ

ಶಿವರಾತ್ರಿಯ ಮರುದಿನ ಸಂಜೆ, ರಾಯಬಾಗದ ನಮ್ಮ ಮನೆಯಂಗಳದಲ್ಲಿ ಕುಳಿತಿದ್ದ ಪರವೂರಿನ ಗೆಳೆಯರೊಬ್ಬರು, "ಮಾಸ್ತರ, ನಿಮ್ಮ ಮುದಕರು ಹೆಂಗದಾರ್ರಿ?" ಎಂದು ಕೇಳಿದರು. ಪ್ರಶ್ನೆ ನನ್ನನ್ನೂ ನನ್ನ ಮಡದಿಯನ್ನೂ ಕುರಿತದ್ದಲ್ಲ. ನಾವು ಸಾಕಿರುವ ಮುದಿ ಹೋತ ಮತ್ತು ಮುದಿ ಆಡನ್ನು ಕುರಿತದ್ದು. ಇವರಿಬ್ಬರು ಬಂದಂದಿನಿಂದ ನಮ್ಮಲ್ಲಿ ನಗುವಿಗೆ ಬಡತನವಿಲ್ಲ. ಆದುದರಿಂದ ಹೆಮ್ಮೆಯಿಂದಲೇ ಹೇಳತೊಡಗಿದೆ.

೧. ಹೋತನ ದರ್ಶನ

ಹಿಂದಿನ ಒಡೆಯನು ಈ ಹೋತನನ್ನು ಅಥಣಿಯಿಂದ ನಿಪ್ಪಾಣಿಯವರೆಗೆ ಟೆಂಪೋದಲ್ಲಿ ಹೊತ್ತೊಯ್ದು, ಊರೂರಿನ ಆಡುಗಳಿಗೆ ಬಿಡುತ್ತಿದ್ದನು. ಪ್ರಾಯ ಸಂದ ಬಳಿಕ ಕಟುಕನ ಪಾಲಾಗಲಿದ್ದವನನ್ನು ನಾವು ಬಿಡಿಸಿ ತಂದೆವು. ದುಡಿಮೆ ಹೋಯಿತು, ಅಭ್ಯಾಸ ಹೋಗಲಿಲ್ಲ. ಯಾರದೇ ಟೆಂಪೋದ ಹಿಂದಿನ ಹಲಗೆ ಇಳಿದರೆ ಸಾಕು, ಏರಿ ಗಂಭೀರನಾಗಿ ಕುಳಿತುಬಿಡುವನು.

ಒಮ್ಮೆ ನೆರೆಯವರು ಯಡೂರಿನ ವೀರಭದ್ರನ ದರ್ಶನಕ್ಕೆ ಹೊರಟಾಗ ಅವರ ಟೆಂಪೋ ಏರಿ ಅಡುಗೆಯ ಪಾತ್ರೆಗಳ ಹಿಂದೆ ಅಡಗಿ ಕುಳಿತನು. ಗುಡಿಯ ಮುಂದೆ ಹಲಗೆ ಇಳಿಸಿದಾಗ ಮೊದಲು ಇಳಿದವನೂ ಅವನೇ. ಅಲ್ಲಿ ನಿಂತಿದ್ದ ವೃದ್ಧರೊಬ್ಬರು ಗಾಬರಿಯಾದರು. "ಏ ಯಪ್ಪಾ, ಇಲ್ಲಿ ಹ್ವಾತ ಕಡ್ಯಾಂಗಿಲ್ಲರಿ!"

"ಕಡ್ಯಾಕಲ್ರಿ ಅಜ್ಜಾರ," ಎಂದರಂತೆ ನೆರೆಯವರು. "ಅಂವಾ ದರ್ಶನಕ್ಕ ಬಂದಾನ."

ನಾನು ನಕ್ಕೆ, ನಮ್ಮಾಕೆ ನಗಲಿಲ್ಲ. "ನಾಳೆ ಕಟಕರ ಗಾಡಿ ಏರಿದ್ರ? ಇದು ತನ್ನ ಮನಿ ಅಂತ ಅಂವಗ ಇನ್ನೂ ಅನಿಸಿಲ್ರಿ." ಬದುಕೆಲ್ಲ ಹಗ್ಗದಲ್ಲಿದ್ದವನನ್ನು ಮತ್ತೆ ಕಟ್ಟಿಹಾಕಲು ಮಾತ್ರ ಇಬ್ಬರಿಗೂ ಮನಸ್ಸಾಗಲಿಲ್ಲ.

೨. ಬರಿಯ ಪಾತ್ರೆ

ಆಡು ವರ್ಷವರ್ಷವೂ ಈದು, ಮರಿಗಳನ್ನೆಲ್ಲ ಸಂತೆಗೆ ಕಳೆದುಕೊಂಡು, ಹಾಲು ಬತ್ತಿದ ಮೇಲೆ ನಮ್ಮಲ್ಲಿಗೆ ಬಂದವಳು. ಆದರೂ ಬೆಳಗಾದರೆ ಹಿತ್ತಲಿನ ಕಲ್ಲೇರಿ ಹಾಲು ಕರೆಯುವವರಿಗಾಗಿ ಕಾಯುವಳು. ಕರೆಯದಿದ್ದರೆ ಮೇವು ಮುಟ್ಟಳು. ಆದುದರಿಂದ ನಮ್ಮಾಕೆ ದಿನವೂ ಪಾತ್ರೆ ಹಿಡಿದು, ಬರಿಯ ಕೆಚ್ಚಲನ್ನು ಸವರಿ ಏಳುವಳು. ಇದನ್ನು ಕಂಡ ಪಕ್ಕದ ಮನೆಯಾಕೆ ಲೋಟ ಹಿಡಿದು ಬಂದಳು.

"ಅಕ್ಕಾರ, ನಮಗೂ ಒಂದೀಟ ಹಾಲ ಕೊಡ್ರಿ."

"ಬೇಕಾದಷ್ಟ ತಗೋ. ಮುದುಕಿ ಮುಂದ ಮಾತ್ರ ಖಾಲಿ ಐತಿ ಅನಬ್ಯಾಡ."

ಆಕೆಯೂ ಜಾಣೆ. ಬರಿಯ ಪಾತ್ರೆಯನ್ನು ಲೋಟಕ್ಕೆ ಬಗ್ಗಿಸಿಕೊಂಡು, "ಹಾಲ ಭಾಳ ಗಟ್ಟಿ ಅದಾವರಿ!" ಎಂದು ಹೊಗಳಿ ಹೋದಳು.

೩. ಕೂಗು

ಕಳೆದ ಚಳಿಗಾಲದ ಒಂದು ಬೆಳಗ್ಗೆ ನಾನು ಕುಡಚಿಯಲ್ಲಿ ರೈಲು ಹಿಡಿಯಬೇಕಿತ್ತು. ಟೆಂಪೋ ಬಂದಿತು. ಪುಸ್ತಕದ ಗಂಟನ್ನಿಡಲು ಚಾಲಕನು ಹಿಂದಿನ ಹಲಗೆ ಇಳಿಸಿದನು. ಮುಂದೆ ಕುಳಿತಿದ್ದ ನಾನು ತಿರುಗಿ ನೋಡುವಷ್ಟರಲ್ಲಿ ಹೋತನು ಮುಂಗಾಲುಗಳನ್ನು ಮೇಲಿಟ್ಟಾಗಿತ್ತು.

ಆಗ ಹಿತ್ತಲಿನ ಕಲ್ಲಿನ ಮೇಲಿಂದ ಮುದಿ ಆಡು ಒಮ್ಮೆ ಕೂಗಿದಳು. ಹೋತನು ಟೆಂಪೋವನ್ನು ನೋಡಿದನು, ಹಿತ್ತಲನ್ನು ನೋಡಿದನು, ಕಾಲಿಳಿಸಿ ಸಾವಧಾನವಾಗಿ ನಡೆದು, ಆ ಕಲ್ಲಿನ ಬುಡದಲ್ಲಿ ಮಲಗಿದನು.

"ಮಾಸ್ತರ, ನಿಮ್ಮ ಹ್ವಾತಗ ಮನಿ ಸಿಕ್ತರಿ!" ಎಂದನು ಚಾಲಕ.

ನಾನು ಸಂಪಾದಿಸಿದ ಯಾವ ಗ್ರಂಥವೂ ತಂದುಕೊಡದ ಹೆಮ್ಮೆಯಿಂದ ಎದೆಯುಬ್ಬಿ, ಬಾಗಿಲಲ್ಲಿ ನಿಂತಿದ್ದ ನಮ್ಮಾಕೆಗೆ, "ನೋಡಿದೇನ, ನಮ್ಮ ಹ್ವಾತನ್ನ?" ಎಂದೆ.

"ನೋಡಿದ್ನಿ. ಆಕಿ ಒಮ್ಮೆ ಕೂಗಿದ್ದು ಅಂವಗ ಕೇಳಿಸ್ತು. ನಾ ಆಗಿಂದ ಕೂಗಾಕತ್ತೇನಿ, ಚಷ್ಮಾ ಬಿಟ್ಟ ಹೊಂಟೀರಿ ಅಂತ!"

ಚಷ್ಮಾ ತರುವಷ್ಟರಲ್ಲಿ ಹೊತ್ತಾಗಿ ಆ ದಿನದ ರೈಲು ತಪ್ಪಿತು. ಹೋತನು ಅಂದಿನಿಂದ ಯಾವ ಟೆಂಪೋವನ್ನೂ ಏರಿಲ್ಲ.